ಠೂ ಬಿಟ್ಟ ಮಕ್ಕಳಿಗೆ ಯಾವ ಕಾರ್ಟೂನ್?

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯಲ್ಲಿ 11 ದಿನದ ಠೂ ನಡೆಯಿತು. ಐದು ವರ್ಷದ ಮಗ ತನ್ನ ಅಕ್ಕನ ಬೊಂಬೆಯ ಕೂದಲು ಕತ್ತರಿಸಿಬಿಟ್ಟಿದ್ದ. ಅದೂ ಒಂದೇ ಕಡೆ. ಅಕ್ಕನಿಗೆ ಒಂಬತ್ತು ವರ್ಷ. ಅವಳು ಬೆರಳು ತೋರಿಸಿ ಠೂ ಬಿಟ್ಟಳು, ಕಥೆ ಅಲ್ಲಿಂದ ಶುರುವಾಯಿತು.

ಅವನು ಅವತ್ತೇ ಹತ್ತು ಸಲ ಸಾರಿ ಹೇಳಿದ. ನಾನು "ಹೋಗ್ಲಿ ಬಿಡು ಪುಟ್ಟಿ, ಚಿಕ್ಕವನು ಅಲ್ವಾ" ಅಂದೆ. ಅತ್ತೆಯೂ ಅದನ್ನೇ ಅಂದರು. ಅವಳ ಸಿಟ್ಟು ಇಳಿಯುವ ಬದಲು ಏರಿತು. ಈಗ ಅವಳಿಗೆ ತಮ್ಮನ ಮೇಲೆ ಮಾತ್ರ ಅಲ್ಲ, ನಮ್ಮೆಲ್ಲರ ಮೇಲೂ ಕೋಪ.

ಗೆಳತಿಯೊಬ್ಬಳು "ಕ್ಷಮಿಸೋದು ಕಲಿಸೋ ಕಾರ್ಟೂನ್ ತೋರಿಸು" ಅಂದಳು. ಸರಿ ಅಂತ ಹುಡುಕಲು ಕೂತೆ. ಎರಡು ತಿಂಗಳು ಮಕ್ಕಳ ಜೊತೆ ಕೂತು ನೋಡಿದೆ, ಅವರು ಮಲಗಿದ ಮೇಲೂ ಒಂದಿಷ್ಟು ನೋಡಿದೆ. ಅದರಲ್ಲಿ ಯಾವುದು ಯಾರಿಗೆ, ಯಾವುದು ಯಾಕೆ ಬೇಡ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆರಿಸೋಕೆ ನಾನು ಹಿಡಿದ ಅಳತೆ ಒಂದೇ. ತಪ್ಪು ಮಾಡಿದವನು ಸಾರಿ ಅಂದ ಮೇಲೆ ಕಥೆ ಯಾರ ಜೊತೆ ನಿಲ್ಲುತ್ತದೆ? ಹೆಚ್ಚಿನ ಕಾರ್ಟೂನ್‌ಗಳಲ್ಲಿ ತುಂಟನಿಗೆ ಬುದ್ಧಿ ಬರುತ್ತದೆ, ಎಲ್ಲರೂ ನಗುತ್ತಾರೆ, ಹಾಡು ಬರುತ್ತದೆ, ಮುಗಿಯಿತು. ನೋವಾದ ಮಗುವಿನ ಮುಖ ಆಮೇಲೆ ಕಾಣುವುದೇ ಇಲ್ಲ. ಅಂಥವು ಸಾರಿ ಹೇಳೋದನ್ನು ಕಲಿಸುತ್ತವೆ. ಅದೂ ಬೇಕಾದದ್ದೇ. ಆದರೆ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುವುದು ಸಾರಿ ಹೇಳಬೇಕಾದ ಮಗು ಅಲ್ಲ, ಕೇಳಿಸಿಕೊಳ್ಳಬೇಕಾದ ಮಗು. ಅದಕ್ಕೆ ಬೇರೆ ಕಾರ್ಟೂನ್ ಬೇಕು.

ಎರಡರಿಂದ ನಾಲ್ಕು ವರ್ಷ: ಪಿಂಗು

ಇಷ್ಟು ಚಿಕ್ಕ ಮಕ್ಕಳಿಗೆ ಕ್ಷಮೆ ಗಿಮೆ ಏನೂ ಗೊತ್ತಾಗೋದಿಲ್ಲ. ಸಿಟ್ಟು ಬರುತ್ತದೆ, ಹೋಗುತ್ತದೆ. ಅಷ್ಟು ತೋರಿಸಿದರೆ ಸಾಕು. ಅದಕ್ಕೆ ಪಿಂಗು ಚೆನ್ನಾಗಿದೆ.

ಪಿಂಗು ಸ್ವಿಟ್ಜರ್ಲೆಂಡಿನದು, 1990ರಲ್ಲಿ ಶುರುವಾಯಿತು. ಮಣ್ಣಿನ ಬೊಂಬೆಗಳ ಥರ ಇರುವ ಪೆಂಗ್ವಿನ್ ಸಂಸಾರ: ಅಪ್ಪ, ಅಮ್ಮ, ಪಿಂಗು, ಅವನ ಪುಟ್ಟ ತಂಗಿ ಪಿಂಗಾ. ಒಂದೊಂದು ಕಂತು ಐದು ನಿಮಿಷದ ಆಸುಪಾಸು. ಇದರ ದೊಡ್ಡ ಅನುಕೂಲ ಭಾಷೆ. ಅವರು ಮಾತಾಡೋದು ಯಾವ ದೇಶದ ಭಾಷೆಯೂ ಅಲ್ಲ, ಬರೀ ಗೊಣಗಾಟ, ಕೂಗಾಟ. ಮೊದಲ ವರ್ಷಗಳಲ್ಲಿ ಆ ಎಲ್ಲ ಪಾತ್ರಗಳ ದನಿಯೂ ಇಟಲಿಯ ಕಾರ್ಲೋ ಬೊನೋಮಿ ಅನ್ನುವ ಒಬ್ಬರೇ ಕಲಾವಿದರದು. ಹಾಗಾಗಿ ಕನ್ನಡ ಬಿಟ್ಟು ಬೇರೆ ಏನೂ ಬಾರದ ಮಗುವಿಗೂ ಅರ್ಥವಾಗುತ್ತದೆ. ನಮ್ಮತ್ತೆಗೂ ಅರ್ಥವಾಯಿತು. ಅವರೇ ಕನ್ನಡದಲ್ಲಿ ಡಬ್ಬಿಂಗ್ ಮಾಡುತ್ತಾ ಹೋದರು: "ನೋಡು, ಅವರಮ್ಮ ಬೈದ್ರು. ಈಗ ಅವನು ಮೂಲೇಲಿ ಕೂತ್ಕೋತಾನೆ ನೋಡು."

ಒಂದು ಕಂತಿನಲ್ಲಿ ಊಟದ ಹೊತ್ತಲ್ಲಿ ಪಿಂಗು ರಂಪ ಮಾಡುತ್ತಾನೆ, ಏಟು ತಿನ್ನುತ್ತಾನೆ, ಮನೆ ಬಿಟ್ಟು ಹೋಗುತ್ತಾನೆ. ರಾತ್ರಿಯಾಗುತ್ತದೆ. ಮಂಜುಗಡ್ಡೆಗಳೇ ಭೂತದ ಥರ ಕಾಣುತ್ತವೆ. ಅಪ್ಪ ಅಮ್ಮ ಹುಡುಕಿಕೊಂಡು ಬರುತ್ತಾರೆ, ಅಪ್ಪಿಕೊಳ್ಳುತ್ತಾರೆ. ಇಲ್ಲಿ ಯಾರು ಯಾರನ್ನು ಕ್ಷಮಿಸಿದರು ಅಂತ ಕೇಳಿದರೆ ಉತ್ತರ ಹೇಳೋದು ಕಷ್ಟ. ಅದಕ್ಕೇ ಇಷ್ಟವಾಯಿತು. ತಪ್ಪು ಎರಡೂ ಕಡೆ ಇದೆ, ರಾಜಿಯೂ ಎರಡೂ ಕಡೆಯಿಂದ.

ಆದರೆ ಏಟು ಏಟೇ. ಹಳೆಯ ಕಂತುಗಳಲ್ಲಿ ಇಂಥವು ಇವೆ. ಮೊದಲು ನೀವು ನೋಡಿ, ಆಮೇಲೆ ಹಾಕಿ.

ಮೂರರಿಂದ ಐದು: ಡೇನಿಯಲ್ ಟೈಗರ್

ಪೂರ್ತಿ ಹೆಸರು ಡೇನಿಯಲ್ ಟೈಗರ್ಸ್ ನೇಬರ್‌ಹುಡ್. ಅಮೆರಿಕದ ಪಿಬಿಎಸ್ ಕಿಡ್ಸ್‌ನಲ್ಲಿ 2012ರಲ್ಲಿ ಶುರುವಾದದ್ದು. ಕೆಂಪು ಸ್ವೆಟರ್ ಹಾಕಿಕೊಂಡ ನಾಲ್ಕು ವರ್ಷದ ಹುಲಿಮರಿ. ದೊಡ್ಡವರಿಗೆ ಇದನ್ನು ನೋಡೋದು ಶಿಕ್ಷೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲವೂ ನಿಧಾನ, ಎಲ್ಲರೂ ಒಳ್ಳೆಯವರು. ಒಂದು ಕಂತಿನಲ್ಲಿ ಎರಡು ಕಥೆ ಇರುತ್ತವೆ, ಎರಡಕ್ಕೂ ಒಂದೇ ಪುಟ್ಟ ಹಾಡು. ಆ ಹಾಡು ಎಷ್ಟು ಸಲ ಬರುತ್ತದೆ ಅಂದರೆ ರಾತ್ರಿ ಪಾತ್ರೆ ತೊಳೆಯುವಾಗ ನಾನೇ ಗುನುಗುತ್ತಿದ್ದೆ.

ಆದರೆ ಈ ವಯಸ್ಸಿಗೆ ಕೆಲಸ ಮಾಡುವುದು ಆ ಹಾಡೇ. ಸಿಟ್ಟು ಬಂದರೆ ಉಸಿರೆಳೆದುಕೊಂಡು ನಾಲ್ಕರವರೆಗೆ ಎಣಿಸು ಅನ್ನುವ ಹಾಡಿದೆ. ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು. ಸಾರಿ ಹೇಳೋದು ಬರೀ ಮೊದಲ ಹೆಜ್ಜೆ, ಆಮೇಲೆ ನಾನೇನು ಮಾಡಲಿ ಅಂತ ಕೇಳಬೇಕು ಅನ್ನೋದು ಅದರ ಅರ್ಥ. ಸಾರಿ ಅನ್ನೋದು ನಮ್ಮ ಮಕ್ಕಳ ಬಾಯಲ್ಲಿ ಪಾಸ್‌ವರ್ಡ್ ಥರ ಆಗಿಬಿಟ್ಟಿದೆ ಅಲ್ವಾ? ಹೇಳಿದರೆ ಬಾಗಿಲು ತೆಗೆಯಲೇಬೇಕು. ಈ ಹಾಡು ಅದನ್ನು ಮುರಿಯುತ್ತದೆ. ಮುರಿದ ಆಟದ ಸಾಮಾನಿಗೆ ಟೇಪ್ ಹಚ್ಚು, ಚೆಲ್ಲಿದ್ದನ್ನು ಒರೆಸು, ಹೋಗಿ ಕೇಳು.

ನಾವು ಇಂಗ್ಲಿಷ್ ಹಾಡನ್ನೇ ಹಿಡಿದು ಕೂರಲಿಲ್ಲ. ಕನ್ನಡದಲ್ಲಿ ನಮ್ಮದೇ ಒಂದು ಸಾಲು ಕಟ್ಟಿಕೊಂಡೆವು: "ಸಾರಿ ಅಂದ್ರೆ ಸಾಲ್ದು, ಏನ್ ಮಾಡ್ಲಿ ಹೇಳು." ಮಗನಿಗೆ ಪ್ರಾಸ ಇಷ್ಟವಾಯಿತು. ಅದನ್ನೇ ಹಾಡಿಕೊಂಡು ಅಕ್ಕನ ಹಿಂದೆ ಮೂರು ದಿನ ಓಡಾಡಿದ. ಅವಳ ಉತ್ತರ: "ಕೂದಲು ಬೆಳೆಸು."

ಡೇನಿಯಲ್ ಟೈಗರ್‌ನ ಕೊರತೆಯೂ ಅಲ್ಲೇ ಇದೆ. ಅಲ್ಲಿ ಎಲ್ಲ ತಪ್ಪಿಗೂ ಪರಿಹಾರ ಇದೆ. ಬೊಂಬೆಯ ಕೂದಲು ಬೆಳೆಯುವುದಿಲ್ಲ.

ನಾಲ್ಕರ ಮೇಲೆ ಎಲ್ಲರಿಗೂ: ಬ್ಲೂಯಿ

ಒಂದೇ ಒಂದು ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಬ್ಲೂಯಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ಊರಿನದು. ಜೋ ಬ್ರಮ್ ಎನ್ನುವವರು ಸೃಷ್ಟಿಸಿದ್ದು, 2018ರಲ್ಲಿ ಶುರುವಾಯಿತು. ನಾಯಿಗಳ ಒಂದು ಸಂಸಾರ. ಅಪ್ಪ ಬ್ಯಾಂಡಿಟ್, ಅಮ್ಮ ಚಿಲ್ಲಿ, ಮಕ್ಕಳು ಬ್ಲೂಯಿ ಮತ್ತು ಬಿಂಗೋ. ಒಂದು ಕಂತು ಏಳು ನಿಮಿಷ. ಇಡ್ಲಿ ಬೇಯುವಷ್ಟರಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗಿರುತ್ತದೆ.

ಮೂರನೇ ಸೀಸನ್‌ನಲ್ಲಿ 'ಸ್ಟಿಕ್‌ಬರ್ಡ್' ಅಂತ ಒಂದು ಕಂತಿದೆ. ಕಡಲ ತೀರ. ಅಮ್ಮ ಬ್ಲೂಯಿಗೆ ಎಸೆಯೋದು ಕಲಿಸುತ್ತಿದ್ದಾಳೆ. ಇತ್ತ ಅಪ್ಪನ ಮನಸ್ಸಲ್ಲಿ ಏನೋ ಕೊರೆಯುತ್ತಿದೆ. ಏನು ಅಂತ ಕೊನೆಯವರೆಗೂ ನಮಗೆ ಹೇಳುವುದಿಲ್ಲ. ಅವನು ಬಿಂಗೋ ಜೊತೆ ಸೇರಿ ಮರಳಲ್ಲಿ, ಕಡ್ಡಿಗಳಲ್ಲಿ ಒಂದು ಹಕ್ಕಿ ಮಾಡುತ್ತಾನೆ. ಚೆಂದದ ಹಕ್ಕಿ. ಆಮೇಲೆ ಯಾರೋ ದೊಡ್ಡ ಮಕ್ಕಳು ಬಂದು ಅದನ್ನು ಕೆಡವಿ ಹಾಕುತ್ತಾರೆ. ಬಿಂಗೋ ಅಳುತ್ತಾಳೆ.

ಇಲ್ಲಿ ಬೇರೆ ಯಾವ ಕಾರ್ಟೂನ್ ಆಗಿದ್ದರೂ ಆ ಮಕ್ಕಳನ್ನು ವಾಪಸ್ ಕರೆಸಿ ಸಾರಿ ಹೇಳಿಸುತ್ತಿದ್ದರು. ಬ್ಲೂಯಿಯಲ್ಲಿ ಅವರು ಬರುವುದೇ ಇಲ್ಲ. ನಿಜ ಜೀವನದಲ್ಲೂ ಬರೋದಿಲ್ಲ ತಾನೆ? ಅಪ್ಪ ಮಗಳಿಗೆ ಒಂದು ಉಪಾಯ ಹೇಳಿಕೊಡುತ್ತಾನೆ. ಒಳಗಿರುವ ಬೇಜಾರನ್ನೆಲ್ಲ ಕೈಯಲ್ಲಿ ಒಟ್ಟುಮಾಡಿ ಉಂಡೆ ಕಟ್ಟಿ ಸಮುದ್ರಕ್ಕೆ ಎಸೆದುಬಿಡೋದು. ಬಿಂಗೋ ಎಸೆಯುತ್ತಾಳೆ. ಆಮೇಲೆ ಅಪ್ಪನೂ ತನ್ನೊಳಗೆ ಇದ್ದದ್ದನ್ನು ತೆಗೆದು ಎಸೆಯುತ್ತಾನೆ.

ಇದರಲ್ಲಿ ಕ್ಷಮೆ ಅನ್ನುವ ಮಾತೇ ಬರುವುದಿಲ್ಲ. ಆದರೆ ಮನಸ್ಸಲ್ಲಿ ಹಿಡಿದುಕೊಂಡದ್ದನ್ನು ಬಿಡೋದು ಹೇಗೆ ಅಂತ ಇಷ್ಟು ಚೆನ್ನಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಲಿಲ್ಲ. ಗಮನಿಸಿ, ಅಪ್ಪ "ಹೋಗ್ಲಿ ಬಿಡು" ಅನ್ನುವುದಿಲ್ಲ. ಮೊದಲು ಅವಳ ಬೇಜಾರು ಎಷ್ಟಿದೆ ಅಂತ ಒಪ್ಪಿಕೊಳ್ಳುತ್ತಾನೆ. ಕೈತುಂಬ ಆಗುವಷ್ಟಿದೆ ಅಂತ ಒಪ್ಪಿದ ಮೇಲೇ ಎಸೆಯೋದು. ನಾನು ಮಾಡಿದ ತಪ್ಪು ಇದೇ. ಮಗಳ ಸಿಟ್ಟನ್ನು ಅಳೆಯುವ ಮೊದಲೇ ಬಿಸಾಕು ಅಂದಿದ್ದೆ.

ಮಗ ಇದನ್ನು ನೋಡಿ ಬಾಲ್ಕನಿಯಿಂದ ಬೇಜಾರು ಎಸೆಯಲು ಶುರುಮಾಡಿದ. ಎರಡನೇ ದಿನ ಬೇಜಾರಿನ ಜೊತೆ ಒಂದು ಚಪ್ಪಲಿಯೂ ಹೋಯಿತು. ಕೆಳಗಿನ ಮನೆಯವರ ಹತ್ತಿರ ನಾನು ಹೋಗಿ ಸಾರಿ ಕೇಳಿದೆ.

ಬ್ಲೂಯಿಯಲ್ಲಿ ಕೊರತೆ ಅಂದರೆ ಆಸ್ಟ್ರೇಲಿಯಾದ ಇಂಗ್ಲಿಷ್. ಮೊದಲ ನಾಲ್ಕೈದು ಕಂತು ಮಕ್ಕಳಿಗೆ ಮಾತು ಹಿಡಿಯುವುದಿಲ್ಲ, ಆಮೇಲೆ ಹೊಂದಿಕೊಳ್ಳುತ್ತಾರೆ. ಇನ್ನೊಂದು, ಆ ಅಪ್ಪ ಅಮ್ಮನ ತಾಳ್ಮೆ ನೋಡಿದರೆ ನಮ್ಮ ಬಗ್ಗೆ ನಮಗೇ ನಾಚಿಕೆ ಆಗುತ್ತದೆ. ಆಫೀಸಿಂದ ಬಂದು ಯಾರಪ್ಪ ಅಷ್ಟು ಆಡುತ್ತಾರೆ?

ಎಲ್ಲರ ಮನೆಯಲ್ಲೂ ಇರೋದು: ಛೋಟಾ ಭೀಮ್, ಮಾಶಾ

ಛೋಟಾ ಭೀಮ್ ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್‌ನವರದು, 2008ರಲ್ಲಿ ಪೋಗೋದಲ್ಲಿ ಬಂತು. ಇದರ ಬಗ್ಗೆ ಜಾಸ್ತಿ ಹೇಳೋದು ಬೇಡ, ನಿಮ್ಮ ಮಕ್ಕಳೇ ಹೇಳುತ್ತಾರೆ. ಢೋಲಕಪುರ, ಲಡ್ಡು, ಕಾಲಿಯಾ. ಕಾಲಿಯಾಗೆ ಭೀಮನ ಮೇಲೆ ಹೊಟ್ಟೆಕಿಚ್ಚು. ಢೋಲು ಭೋಲು ಜೊತೆ ಸೇರಿ ಏನಾದರೂ ಕಿತಾಪತಿ ಮಾಡುತ್ತಾನೆ, ಸಿಕ್ಕಿಬೀಳುತ್ತಾನೆ, ಭೀಮ್ ಅವನನ್ನು ಕಾಪಾಡುತ್ತಾನೆ, ಎಲ್ಲರೂ ಒಂದಾಗುತ್ತಾರೆ. ಮುಂದಿನ ಕಂತಿನಲ್ಲಿ ಮತ್ತೆ ಅದೇ.

ಭೀಮ್ ಹಗೆ ಇಟ್ಟುಕೊಳ್ಳುವುದಿಲ್ಲ ಅನ್ನೋದು ಒಳ್ಳೆಯದೇ. ಆದರೆ ಅವನಿಗೆ ಕ್ಷಮಿಸೋದು ಸುಲಭ. ಅವನು ಎಲ್ಲರಿಗಿಂತ ಬಲಶಾಲಿ, ಪ್ರತಿ ಸಲವೂ ಗೆಲ್ಲುವವನು ಅವನೇ. ಗೆದ್ದವನ ಕ್ಷಮೆ ನೋಡಿ ಸೋತ ಮಗು ಏನು ಕಲಿಯಬೇಕು? ಮಗಳು ಇದನ್ನೇ ತನ್ನ ಭಾಷೆಯಲ್ಲಿ ಹೇಳಿದಳು: "ಭೀಮ್‌ಗೆ ಏನೂ ಆಗೇ ಇಲ್ವಲ್ಲಮ್ಮ." ನೋಡಲು ಮಜಾ ಇದೆ, ಬೇಡ ಅನ್ನಬೇಡಿ. ಠೂ ಬಿಡಿಸಲು ಮಾತ್ರ ಇದನ್ನು ನಂಬಬೇಡಿ.

ರಷ್ಯಾದ ಮಾಶಾ ಅಂಡ್ ದ ಬೇರ್ 2009ರಿಂದ ಬರುತ್ತಿದೆ. ಮಾತು ಕಡಿಮೆ, ಹಾಗಾಗಿ ಭಾಷೆಯ ತೊಂದರೆ ಇಲ್ಲ. ಸರ್ಕಸ್ಸಿನಿಂದ ನಿವೃತ್ತನಾದ ಕರಡಿಯ ನೆಮ್ಮದಿಯನ್ನು ಒಬ್ಬ ಪುಟ್ಟ ಹುಡುಗಿ ಹಾಳು ಮಾಡುತ್ತಾಳೆ, ಕರಡಿ ಸಹಿಸಿಕೊಳ್ಳುತ್ತದೆ. ಅಷ್ಟೇ. ಕರಡಿಯ ಕಷ್ಟ ದೊಡ್ಡವರಿಗೆ ಅರ್ಥವಾಗುತ್ತದೆ. ಮಕ್ಕಳು ಮಾತ್ರ ಮಾಶಾಳ ಪಕ್ಷ. ಏನು ಮಾಡಿದರೂ ನಡೆಯುತ್ತೆ ಅನ್ನೋದನ್ನು ನನ್ನ ಮಗ ಮೊದಲೇ ಕಲಿತಿದ್ದ, ಮತ್ತೆ ಪಾಠ ಬೇಕಾಗಿರಲಿಲ್ಲ.

ಕ್ಷಮಿಸಿಯೂ ದೂರ ಇಡೋದು: ಲಿಟಲ್ ಕೃಷ್ಣ

ಪುರಾಣದ ಕಾರ್ಟೂನ್‌ಗಳಲ್ಲಿ ಈ ವಿಷಯಕ್ಕೆ ನನಗೆ ಸಿಕ್ಕಿದ್ದು ಇದು. 2009ರಲ್ಲಿ ಬಂದ 13 ಕಂತುಗಳ ಸರಣಿ. ಬಿಗ್ ಅನಿಮೇಷನ್ ಸಂಸ್ಥೆಯ ಜೊತೆ ಬೆಂಗಳೂರು ಇಸ್ಕಾನ್ ಕಡೆಯವರೂ ಸೇರಿ ಮಾಡಿದ್ದು. ಇದರಲ್ಲಿ ಕಾಳಿಂಗನ ಕಥೆ ಬರುತ್ತದೆ.

ಕಾಳಿಂಗಮರ್ದನ ನಮಗೆಲ್ಲ ಗೊತ್ತು. ಹೆಡೆಯ ಮೇಲೆ ಕುಣಿಯುವ ಕೃಷ್ಣನನ್ನು ಕ್ಯಾಲೆಂಡರಿನಲ್ಲಿ, ಯಕ್ಷಗಾನದಲ್ಲಿ, ಭರತನಾಟ್ಯದಲ್ಲಿ ನೋಡಿದ್ದೇವೆ. ಆದರೆ ಕುಣಿತ ಮುಗಿದ ಮೇಲೆ ಏನಾಯಿತು ಅನ್ನೋದೇ ನನಗೆ ಮುಖ್ಯ ಅನ್ನಿಸಿತು. ಭಾಗವತದ ಕಥೆಯಲ್ಲಿ ಕಾಳಿಂಗನ ಹೆಂಡತಿಯರು ಬಂದು ಬೇಡಿಕೊಳ್ಳುತ್ತಾರೆ. ಕೃಷ್ಣ ಕೊಲ್ಲುವುದಿಲ್ಲ. ಆದರೆ "ಸರಿ, ಇಲ್ಲೇ ಇರು" ಅಂತಲೂ ಅನ್ನುವುದಿಲ್ಲ. ಯಮುನೆ ಬಿಟ್ಟು ಸಮುದ್ರದ ರಮಣಕ ದ್ವೀಪಕ್ಕೆ ಹೋಗು ಅನ್ನುತ್ತಾನೆ. ಅಲ್ಲಿ ಗರುಡನ ಭಯ ಇದೆಯಲ್ಲ, ಅದಕ್ಕೂ ದಾರಿ ಹೇಳುತ್ತಾನೆ. ಹೆಡೆಯ ಮೇಲೆ ನನ್ನ ಹೆಜ್ಜೆಯ ಗುರುತಿದೆ, ಗರುಡ ಏನೂ ಮಾಡುವುದಿಲ್ಲ ಅನ್ನುತ್ತಾನೆ. ಪ್ರಾಣ ಉಳಿಸಿದ, ಭಯ ಕಳೆದ, ಆದರೆ ಊರಿನ ನೀರಿನಿಂದ ದೂರ ಕಳಿಸಿದ.

ಸ್ಕೂಲಲ್ಲಿ ಯಾರಾದರೂ ದಿನಾ ಕಾಡಿಸುತ್ತಿದ್ದರೆ ಆ ಮಗುವಿಗೆ ಹೇಳಬೇಕಾದದ್ದು ಈ ಕಥೆ. ಸಿಟ್ಟು ಇಟ್ಟುಕೊಳ್ಳಬೇಡ, ಆದರೆ ಅವನ ಪಕ್ಕ ಕೂರಲೇಬೇಕು ಅಂತಿಲ್ಲ. ಇನ್ನೂ ಒಂದು ಮಾತು. ಅಂಥ ಮಗುವಿಗೆ ಕ್ಷಮೆಯ ಕಾರ್ಟೂನ್ ಮೊದಲು ತೋರಿಸಬೇಡಿ. ಮೊದಲು ಟೀಚರ್ ಹತ್ತಿರ ಹೋಗಿ ಮಾತಾಡಿ. ಕಾಟ ನಿಂತ ಮೇಲೆ ಉಳಿದದ್ದು. ನಿಲ್ಲುವ ಮೊದಲೇ ಕ್ಷಮಿಸು ಅಂದರೆ ಅದು ಸುಮ್ನೆ ಸಹಿಸಿಕೋ ಅಂದ ಹಾಗೆ.

ಲಿಟಲ್ ಕೃಷ್ಣದಲ್ಲಿ ರಾಕ್ಷಸರ ಕಾದಾಟ ಸಾಕಷ್ಟಿದೆ. ಆರು ವರ್ಷದ ಕೆಳಗಿನವರು ಹೆದರಬಹುದು. ನನ್ನ ಮಗ ಹೆದರಲಿಲ್ಲ, ಬದಲಿಗೆ ಸೋಫಾದ ದಿಂಬಿನ ಮೇಲೆ ಎರಡು ದಿನ ಕುಣಿದ.

ಇಲ್ಲೇ ಇನ್ನೊಂದು ವಿಷಯ. ಕ್ಷಮೆ ಅಂದ ಕೂಡಲೇ ಯಾರಾದರೂ ಒಬ್ಬರು ಪುಣ್ಯಕೋಟಿ ಅನ್ನುತ್ತಾರೆ. ಗೋವಿನ ಹಾಡು ಕೇಳಿ ಅಳದವರು ಯಾರು? ಆದರೆ ಅದು ಕೊಟ್ಟ ಮಾತಿನ ಕಥೆ. ಹುಲಿ ಕೊನೆಗೆ ತಪ್ಪು ಅರಿತು ಪ್ರಾಣ ಬಿಡುತ್ತದೆ. ಮಕ್ಕಳಿಗೆ ಅದನ್ನು ಹಾಡಿ ತೋರಿಸಿ, ಖಂಡಿತ. ತಪ್ಪು ಮಾಡಿದವನು ಬದುಕಿದ್ದುಕೊಂಡು ನಾಳೆ ಬೆಳಿಗ್ಗೆ ಅದೇ ತಟ್ಟೆಯ ಪಕ್ಕ ದೋಸೆ ತಿನ್ನಲು ಕೂರುವ ಕಷ್ಟಕ್ಕೆ ಅದರಲ್ಲಿ ಉತ್ತರ ಇಲ್ಲ.

ಎಂಟು ಒಂಬತ್ತರ ಮೇಲೆ: ಅವತಾರ್, ಸ್ಟೀವನ್ ಯೂನಿವರ್ಸ್

ಎಂಟು ದಾಟಿದ ಮಕ್ಕಳಿಗೆ ಹಾಡು, ಉಪಾಯ ಎಲ್ಲ ನಡೆಯುವುದಿಲ್ಲ. ಅವರಿಗೆ ನ್ಯಾಯ ಬೇಕು. ಇಲ್ಲಿ ಎರಡು ಕಾರ್ಟೂನ್ ನಡುವೆ ನಾನು ಬಹಳ ತೂಗಿ ನೋಡಿದೆ.

ಮೊದಲನೆಯದು ಅವತಾರ್: ದಿ ಲಾಸ್ಟ್ ಏರ್‌ಬೆಂಡರ್. ನಿಕಲೋಡಿಯನ್‌ನಲ್ಲಿ 2005ರಿಂದ 2008ರವರೆಗೆ ಬಂದದ್ದು, 61 ಕಂತು. ನೀಲಿ ಮೈಯವರ ಆ ಸಿನಿಮಾ ಅಲ್ಲ, ಅದು ಬೇರೆ. ಇದನ್ನು ಒಂದು ಕಂತು ಅಂತ ತೋರಿಸಲು ಆಗುವುದಿಲ್ಲ, ಮೊದಲಿಂದ ನೋಡಬೇಕು. ಅದೇ ಅದರ ಶಕ್ತಿ. ಕ್ಷಮೆಗೆ ಬೇಕಾದ ಸಮಯವನ್ನು ಅದು ಕೊಡುತ್ತದೆ.

ಝೂಕೋ ಅನ್ನುವ ರಾಜಕುಮಾರ. ಅವನನ್ನು ತಂದೆಗಿಂತ ಹೆಚ್ಚಾಗಿ ನೋಡಿಕೊಂಡವನು ದೊಡ್ಡಪ್ಪ ಐರೋ. ಮಗನನ್ನು ಯುದ್ಧದಲ್ಲಿ ಕಳೆದುಕೊಂಡ ಮುದುಕ, ಚಹಾ ಅಂದರೆ ಪ್ರಾಣ. ಎರಡನೇ ಸೀಸನ್ ಕೊನೆಯಲ್ಲಿ ಝೂಕೋ ಅವನ ಕೈಬಿಡುತ್ತಾನೆ. ಐರೋ ಜೈಲು ಸೇರುತ್ತಾನೆ. ಮೂರನೇ ಸೀಸನ್ ಕೊನೆಯಲ್ಲಿ ಝೂಕೋ ಮತ್ತೆ ಅವನ ಮುಂದೆ ಬರುತ್ತಾನೆ. ದೊಡ್ಡಪ್ಪ ಮಲಗಿದ್ದಾನೆ. ಎದ್ದೇಳುವವರೆಗೂ ಪಕ್ಕದಲ್ಲೇ ಕೂತು ಕಾಯುತ್ತಾನೆ. ಎದ್ದ ಮೇಲೆ ಅಳುತ್ತಾ ಕ್ಷಮೆ ಕೇಳಲು ಶುರುಮಾಡುತ್ತಾನೆ. ಮಾತು ಮುಗಿಯುವ ಮೊದಲೇ ಐರೋ ಅವನನ್ನು ಎಳೆದು ತಬ್ಬಿಕೊಳ್ಳುತ್ತಾನೆ. ನನಗೆ ಕೋಪವೇ ಇರಲಿಲ್ಲ, ನೀನು ದಾರಿ ತಪ್ಪಿದೆಯಲ್ಲ ಅಂತ ದುಃಖ ಇತ್ತು ಅನ್ನುತ್ತಾನೆ. ಕಥೆಯೆಲ್ಲ ಹೇಳಿಬಿಟ್ಟೆ. ಹೋಗ್ಲಿ ಬಿಡಿ, ನೋಡುವಾಗ ಕಣ್ಣು ಒದ್ದೆಯಾಗೋದು ತಪ್ಪಲ್ಲ.

ಆದರೆ ನನ್ನ ಮಗಳನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, 'ದಿ ಸದರ್ನ್ ರೇಡರ್ಸ್' ಅನ್ನುವ ಕಂತು. ನೀರನ್ನು ಬೇಕಾದ ಹಾಗೆ ಆಡಿಸಬಲ್ಲ ಕಟಾರಾ ಅನ್ನುವ ಹುಡುಗಿ. ಅವಳ ತಾಯಿಯನ್ನು ಕೊಂದ ಸೈನಿಕ ಇನ್ನೂ ಬದುಕಿದ್ದಾನೆ. ಅವನನ್ನು ಹುಡುಕಿಕೊಂಡು ಹೋಗುತ್ತಾಳೆ. ಗೆಳೆಯ ಆಂಗ್ ಕ್ಷಮಿಸು ಅನ್ನುತ್ತಾನೆ, ಅವಳು ಕೇಳುವುದಿಲ್ಲ. ಸುರಿಯುವ ಮಳೆಯನ್ನೇ ಗಾಳಿಯಲ್ಲಿ ನಿಲ್ಲಿಸಿ, ಹಿಮದ ಮೊಳೆಗಳನ್ನಾಗಿ ಮಾಡಿ ಅವನ ಕಡೆ ಬಿಡುತ್ತಾಳೆ. ಮುಖದ ಹತ್ತಿರಕ್ಕೆ ಬಂದು ಅವು ನಿಲ್ಲುತ್ತವೆ. ಅವಳು ಅವನನ್ನು ಬಿಟ್ಟು ಹೊರಟುಬಿಡುತ್ತಾಳೆ. ಆಮೇಲೆ ಹೇಳುತ್ತಾಳೆ: ನಾನು ಅವನನ್ನು ಕ್ಷಮಿಸಲಿಲ್ಲ, ಕ್ಷಮಿಸೋದೂ ಇಲ್ಲ. ಅದೇ ಉಸಿರಿನಲ್ಲಿ, ಹಿಂದೆ ತನಗೂ ಮೋಸ ಮಾಡಿದ್ದ ಝೂಕೋನನ್ನು ಕ್ಷಮಿಸಿ ತಬ್ಬಿಕೊಳ್ಳುತ್ತಾಳೆ.

ಮಗಳು ಕೇಳಿದಳು: "ಕ್ಷಮಿಸ್ಲಿಲ್ಲ ಅಂತಾಳೆ, ಆದ್ರೂ ಏನೂ ಮಾಡ್ಲಿಲ್ಲ. ಹಾಗಾದ್ರೆ ಅದೇನು?" ಒಳ್ಳೆಯ ಪ್ರಶ್ನೆ. ಸೇಡು ಬಿಡೋದು ಒಂದು, ಕ್ಷಮಿಸೋದು ಇನ್ನೊಂದು, ಮತ್ತೆ ಫ್ರೆಂಡ್ಸ್ ಆಗೋದು ಮೂರನೆಯದು. ನಾವು ದೊಡ್ಡವರು ಮೂರನ್ನೂ ಒಂದೇ ಗಂಟು ಕಟ್ಟಿ "ಹೋಗ್ಲಿ ಬಿಡು" ಅನ್ನುತ್ತೇವೆ. ಈ ಗಂಟನ್ನು ಬಿಡಿಸಿ ತೋರಿಸುವ ಮಕ್ಕಳ ಕಾರ್ಟೂನ್ ನಾನು ನೋಡಿದ್ದು ಇದೊಂದೇ. ಕೊಲೆ, ಯುದ್ಧ ಎಲ್ಲ ಇರುವುದರಿಂದ ಎಂಟರ ಕೆಳಗಿನವರಿಗೆ ಬೇಡ.

ಎರಡನೆಯದು ಸ್ಟೀವನ್ ಯೂನಿವರ್ಸ್. ರೆಬೆಕಾ ಶುಗರ್ ಅವರದು, ಕಾರ್ಟೂನ್ ನೆಟ್‌ವರ್ಕ್‌ನಲ್ಲಿ 2013ರಲ್ಲಿ ಶುರುವಾಯಿತು. ಇದರಲ್ಲಿ 'ಕೀಸ್ಟೋನ್ ಮೋಟೆಲ್' ಅಂತ 2015ರ ಒಂದು ಕಂತಿದೆ. ಸ್ವಲ್ಪ ಹಿನ್ನೆಲೆ ಬೇಕು. ಗಾರ್ನೆಟ್ ಅನ್ನೋಳು ನಿಜವಾಗಿ ರೂಬಿ ಮತ್ತು ಸಫೈರ್ ಎಂಬ ಇಬ್ಬರು ಸೇರಿ ಆದವಳು. ಗೆಳತಿ ಪರ್ಲ್ ಅವಳಿಗೆ ಸುಳ್ಳು ಹೇಳಿ ಮೋಸ ಮಾಡಿದ್ದಾಳೆ. ಕ್ಷಮಿಸಬೇಕೋ ಬೇಡವೋ ಅನ್ನುವ ಜಗಳದಲ್ಲಿ ಗಾರ್ನೆಟ್ ಎರಡಾಗಿ ಒಡೆದುಹೋಗುತ್ತಾಳೆ. ರೂಬಿಗೆ ಬೆಂಕಿಯಂಥ ಸಿಟ್ಟು. ನೀರಿಗಿಳಿದರೆ ನೀರೇ ಕುದಿಯುತ್ತದೆ. ಸಫೈರ್‌ಗೆ ಮುಂದಾಗೋದು ಕಾಣುತ್ತದೆ. ಹೇಗಿದ್ದರೂ ಕೊನೆಗೆ ಕ್ಷಮಿಸುತ್ತೇವೆ, ಈಗ್ಯಾಕೆ ಸಿಟ್ಟು ಅಂತ ಸುಮ್ಮನೆ ಕೂರುತ್ತಾಳೆ. ಕೂತಲ್ಲೇ ಕೋಣೆ ಹಿಮಗಟ್ಟುತ್ತಾ ಹೋಗುತ್ತದೆ. ಸಿಟ್ಟಿಲ್ಲ ಅಂದವಳ ಸಿಟ್ಟು ಅದು.

ಇದನ್ನು ನೋಡುವಾಗ ನನಗೆ ಶ್ರವಣಬೆಳಗೊಳದ ಬಾಹುಬಲಿ ನೆನಪಾದ. ರಾಜ್ಯ ಬಿಟ್ಟ, ಬಟ್ಟೆ ಬಿಟ್ಟ, ಕಾಲಿಗೆ ಬಳ್ಳಿ ಹಬ್ಬುವವರೆಗೂ ನಿಂತ. ಆದರೂ ಜ್ಞಾನ ಸಿಗಲಿಲ್ಲವಂತೆ. ನಿಂತಿರೋದು ಅಣ್ಣ ಭರತನ ನೆಲದ ಮೇಲಲ್ಲವೇ ಅನ್ನೋ ಒಂದು ಮುಳ್ಳು ಮನಸ್ಸಲ್ಲಿ ಉಳಿದಿತ್ತು. ಭರತ ಬಂದು ಕೈಮುಗಿದ ಮೇಲೇ ಅದು ಹೋದದ್ದು. ಎಲ್ಲ ಬಿಟ್ಟೆ ಅಂದವರ ಒಳಗೂ ಅಷ್ಟು ಉಳಿದಿರುತ್ತದೆ. ಈ ಕಥೆಯನ್ನು ಅತ್ತೆ ಮಗಳಿಗೆ ಹೇಳಿದರು. "ಅಣ್ಣನೇ ಬಂದ್ನಾ?" ಅಂತ ಎರಡು ಸಲ ಕೇಳಿದಳು.

ಎರಡರಲ್ಲಿ ಯಾವುದು? ನಾನು ಅವತಾರ್ ಅನ್ನುತ್ತೇನೆ. ಸ್ಟೀವನ್ ಯೂನಿವರ್ಸ್‌ನ ಒಂದೊಂದು ಕಂತು ಬಹಳ ಸೂಕ್ಷ್ಮವಾಗಿದೆ. ಆದರೆ ಸರಣಿ ಮುಂದೆ ಹೋದಂತೆ ದೊಡ್ಡ ದೊಡ್ಡ ಅನ್ಯಾಯ ಮಾಡಿದವರನ್ನೂ ಬೇಗ ಬೇಗ ಒಳಗೆ ಸೇರಿಸಿಕೊಂಡಂತೆ ನನಗೆ ಕಂಡಿತು. ಅಭಿಮಾನಿಗಳಲ್ಲೂ ಈ ತಕರಾರು ಇದೆ. ಒಳಗೊಳಗೇ ಹಿಮಗಟ್ಟುವ, ಮಾತಾಡದ ಮಗು ನಿಮ್ಮದಾದರೆ ಮಾತ್ರ ಮೊದಲು ಇದನ್ನು ಹಾಕಿ.

ಇನ್ನುಳಿದವು

ವೆಜಿಟೇಲ್ಸ್ ಅಂತ ತರಕಾರಿಗಳೇ ಮಾತಾಡುವ ಅಮೆರಿಕದ ಕ್ರೈಸ್ತ ಕಾರ್ಟೂನ್ ಇದೆ. ಅದರಲ್ಲಿ 1994ರ ಒಂದು ಭಾಗ ಪೂರ್ತಿ ಕ್ಷಮೆಯ ಬಗ್ಗೆಯೇ. ಸಂಡೇ ಸ್ಕೂಲಿಗೆ ಹೋಗುವ ಮಕ್ಕಳಿಗೆ ನೇರವಾಗಿ ಹಿಡಿಸುತ್ತದೆ, ಬೇರೆಯವರಿಗೆ ಉಪದೇಶ ಜಾಸ್ತಿ ಅನ್ನಿಸಬಹುದು. ಡಿಸ್ನಿಯ ಫ್ರೋಜನ್ ಸಿನಿಮಾದ 'ಲೆಟ್ ಇಟ್ ಗೋ' ಹಾಡನ್ನು ಇದಕ್ಕೆ ಹೇಳುವವರಿದ್ದಾರೆ. ಅದು ಮುನಿಸು ಬಿಡುವ ಹಾಡಲ್ಲ, ಮನೆ ಬಿಡುವ ಹಾಡು.

ಟಾಮ್ ಅಂಡ್ ಜೆರ್ರಿ ಸೇಡಿನ ಕಾರ್ಟೂನ್, ಅದನ್ನು ದೂರ ಇಡಿ ಅನ್ನುತ್ತಾರೆ. 1940ರಿಂದ ಹೊಡೆದಾಡುತ್ತಿದ್ದಾರೆ, ನಿಜ. ಆದರೆ ಒಂದು ಕಂತಿನ ಸಿಟ್ಟನ್ನು ಅವರು ಇನ್ನೊಂದು ಕಂತಿಗೆ ತಂದದ್ದನ್ನು ನಾನು ನೋಡಿಲ್ಲ.

ಹಾಕಿಕೊಟ್ಟು ಎದ್ದು ಹೋಗಬೇಡಿ

2016ರಲ್ಲಿ ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದವರು ಡೇನಿಯಲ್ ಟೈಗರ್ ನೋಡುವ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಬೇರೆಯವರ ನೋವು ಅರಿಯೋದು, ಮುಖ ನೋಡಿ ಭಾವನೆ ಗುರುತಿಸೋದು, ಇಂಥವು ಆ ಮಕ್ಕಳಲ್ಲಿ ಹೆಚ್ಚಿದ್ದು ನಿಜ. ಆದರೆ ಟಿವಿಯಲ್ಲಿ ನೋಡಿದ್ದರ ಬಗ್ಗೆ ಅಪ್ಪ ಅಮ್ಮ ಆಗಾಗ ಮಾತಾಡುವ ಮನೆಗಳಲ್ಲಿ ಮಾತ್ರ. ಬರೀ ನೋಡಿದ್ದರಿಂದ ಆ ಲಾಭ ಕಾಣಲಿಲ್ಲ.

ಏನು ಮಾತಾಡೋದು? ಪಾಠ ಬೇಡ. ನಾನು ಕೇಳುತ್ತಿದ್ದದ್ದು ಒಂದೇ: "ಅವಳಿಗೆ ಇನ್ನೂ ಸಿಟ್ಟಿದೆ ಅನ್ಸುತ್ತಾ?" ಉತ್ತರ ಏನೇ ಬಂದರೂ "ಹೌದಾ" ಅಂದು ಸುಮ್ಮನಾಗೋದು. ಈ ಸುಮ್ಮನಾಗೋದನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು.

ಇವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಯಾವುದು ಯಾವ ಆ್ಯಪ್‌ನಲ್ಲಿ ಇದೆ ಅನ್ನೋದು ಆಗಾಗ ಬದಲಾಗುತ್ತದೆ, ಹುಡುಕಿ ನೋಡಿ. ಭಾಷೆಯ ಆಯ್ಕೆಯಲ್ಲಿ ಕನ್ನಡ ಇದೆಯಾ ಅಂತಲೂ ಒಮ್ಮೆ ನೋಡಿ. ಇಲ್ಲದಿದ್ದರೆ ನೋಡಿದ್ದನ್ನು ರಾತ್ರಿ ಮಲಗುವಾಗ ಕನ್ನಡದಲ್ಲಿ ಹೇಳಿಸಿ. ಹಾಗೆ ಹೇಳುವಾಗ ಕಥೆ ಮಗುವಿನದೇ ಆಗುತ್ತದೆ. ನನ್ನ ಮಗ ಹೇಳಿದ ಬ್ಲೂಯಿ ಕಥೆಯಲ್ಲಿ ಹಕ್ಕಿ ಕೆಡವಿದ ಮಕ್ಕಳಿಗೆ ಹೊಟ್ಟೆನೋವು ಬಂದಿತ್ತು.

ಹಬ್ಬವನ್ನೂ ಬಿಡಬೇಡಿ. ಸಂಕ್ರಾಂತಿಗೆ ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಅಂತ ಬೀರುತ್ತೇವೆ. ದಸರೆಯಲ್ಲಿ ಉತ್ತರ ಕರ್ನಾಟಕದ ಕಡೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುತ್ತಾರೆ. ಮಾತು ಬಿಟ್ಟವರು ಮಾತಾಡಲು ಒಂದು ನೆಪ. ನಮ್ಮ ಠೂ ಏಪ್ರಿಲ್‌ನಲ್ಲಿ ಬಿತ್ತು, ಹತ್ತಿರದಲ್ಲಿ ಯಾವ ಹಬ್ಬವೂ ಇರಲಿಲ್ಲ.

ಹಾಗಾದರೆ 11 ದಿನದ ಠೂ ಹೇಗೆ ಮುಗಿಯಿತು? ಆ ಹೊತ್ತಿಗೆ ನಾವು ಡೇನಿಯಲ್ ಟೈಗರ್ ಮತ್ತು ಬ್ಲೂಯಿ ಮಾತ್ರ ನೋಡಿದ್ದೆವು. ಒಂದು ಮಧ್ಯಾಹ್ನ ಮಗಳು ಬೊಂಬೆ ತಂದು ತಮ್ಮನ ಮುಂದೆ ಕುಕ್ಕಿದಳು. ಜೊತೆಗೆ ಕತ್ತರಿ. "ಈ ಕಡೆನೂ ಕಟ್ ಮಾಡು. ಎರಡೂ ಕಡೆ ಸಮ ಬರ್ಬೇಕು." ಅವನು ನಾಲಿಗೆ ಕಚ್ಚಿಕೊಂಡು ಕತ್ತರಿಸಿದ. ಸಮ ಬರಲಿಲ್ಲ. ಅವಳು ಕತ್ತರಿ ಕಿತ್ತುಕೊಂಡು ಸರಿ ಮಾಡಿದಳು, ಆಗ ಇನ್ನೊಂದು ಕಡೆ ಗಿಡ್ಡವಾಯಿತು. ಅರ್ಧ ಗಂಟೆಯಲ್ಲಿ ಬೊಂಬೆ ತಿರುಪತಿಗೆ ಹೋಗಿ ಬಂದ ಹಾಗೆ ಆಗಿತ್ತು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಆಮೇಲೆ ಬೊಂಬೆಯನ್ನು ನಡುವೆ ಕೂರಿಸಿಕೊಂಡು ಟಿವಿ ಹಾಕಿದರು. ನೋಡಿದ್ದು ಟಾಮ್ ಅಂಡ್ ಜೆರ್ರಿ.